ನನ್ನೆದುರು ಮಾತ್ರ ಮಲಗುವ ಲ್ಯಾಪ್‌ಟಾಪು

ಸಂಶಯ ಪಡುವುದರಲ್ಲಿ ನನಗೆ ಮೂವತ್ತೊಂದು ವರ್ಷಗಳ ಸರ್ವೀಸು ಇದೆ. ಯಲ್ಲಾಪುರ ತಾಲೂಕಿನ ಶಾಲೆಗಳಲ್ಲಿ ಕನ್ನಡ ಮಾಸ್ತರನಾಗಿದ್ದೆ ಎಂದು ಹೇಳಿಕೊಳ್ಳುತ್ತೇನಾದರೂ, ಕನ್ನಡ ಕಲಿಸಿದ್ದಕ್ಕಿಂತ ಹೆಚ್ಚಾಗಿ ಪರೀಕ್ಷೆಯ ಕೋಣೆಗಳಲ್ಲಿ ಮಕ್ಕಳ ಕಿಸೆ ದಿಟ್ಟಿಸುತ್ತ ತಿರುಗಿದವನು ನಾನು. ತಲೆ ತಗ್ಗಿಸಿ ಬರೆಯುವವರ ಮೇಲೆ ನನಗೆ ಸಂಶಯ, ತಲೆ ಎತ್ತಿ ಸೂರು ನೋಡುವವರ ಮೇಲೆ ಇನ್ನೂ ಸಂಶಯ. ಕಿರವತ್ತಿಯಲ್ಲಿದ್ದಾಗ ಒಬ್ಬಳು ಹುಡುಗಿ ಮೂರು ತಾಸೂ ಎಡಗೈ ಮುಷ್ಟಿ ಬಿಚ್ಚದೆ ಬರೆಯುತ್ತಿದ್ದಳು. ಚೀಟಿಯೇ ಸೈ ಎಂದು ಹೆಡ್‌ಮಾಸ್ತರರನ್ನು ಕರೆಸಿ, ಅವರ ಸಮಕ್ಷಮದಲ್ಲಿ ಮುಷ್ಟಿ ಬಿಚ್ಚಿಸಿದೆ. ಒಳಗಿದ್ದದ್ದು ನಾಲ್ಕು ಸುಟ್ಟ ಹಲಸಿನ ಬೇಳೆ. ಪರೀಕ್ಷೆ ಮುಗಿದ ಮೇಲೆ ತಿನ್ನೋಣ ಎಂದು ಇಟ್ಟುಕೊಂಡಿದ್ದಳಂತೆ. ಹೆಡ್‌ಮಾಸ್ತರರು ಒಂದು ಬೇಳೆ ಬಾಯಿಗೆ ಹಾಕಿಕೊಂಡು, 'ಇದರಲ್ಲಿ ಉತ್ತರ ಇಲ್ಲ ಮಾಸ್ತರೇ, ಉಪ್ಪು ಮಾತ್ರ ಇದೆ' ಅಂದರು. ಆದರೂ ನಾನು ಅದರ ಸಿಪ್ಪೆಯನ್ನು ತಿರುಗಿಸಿ ನೋಡಿದೆ.

ನಿವೃತ್ತನಾಗಿ ಶಿರಸಿ ಪೇಟೆಯಲ್ಲಿ ಮನೆ ಮಾಡಿದ ಮೇಲೆ ಸಂಶಯ ಪಡಲು ಮಕ್ಕಳಿರಲಿಲ್ಲ, ಲ್ಯಾಪ್‌ಟಾಪು ಇತ್ತು. ಇಪ್ಪತ್ತು ವರ್ಷದ ಹಳೇ ಜೀವ. ಕಪ್ಪು ಬಣ್ಣ, ದಪ್ಪ ಮೈ, ಎತ್ತಿದರೆ ಒರಳುಕಲ್ಲು ನೆನಪಾಗುವ ತೂಕ. ಬ್ಯಾಟರಿ ಯಾವತ್ತೋ ಸತ್ತಿದೆ, ಗೋಡೆಯ ಕರೆಂಟಿನ ಮೇಲೆ ಬದುಕು. ಅದನ್ನು ಗುಜರಿಗೆ ಹಾಕದಿರಲು ಕಾರಣ ಒಂದೇ: ಹನ್ನೊಂದು ವರ್ಷಗಳಿಂದ ನಾನು ಅದರಲ್ಲಿ ನಮ್ಮ ಸೀಮೆಯ ಆಡುಮಾತಿನ ಶಬ್ದಕೋಶ ಬರೆಯುತ್ತಿದ್ದೇನೆ. ಬರೆಯುವ ಕನ್ನಡ ತಂತ್ರಾಂಶವೂ ಅಷ್ಟೇ ಹಳೆಯದು, ಹೊಸ ಕಂಪ್ಯೂಟರುಗಳಲ್ಲಿ ಅದು ತೆರೆಯುವುದೇ ಇಲ್ಲ. 'ಅ'ದಿಂದ ಹೊರಟು 'ಹ'ಕ್ಕೆ ಬಂದಿದ್ದೆ. ದೀಪಾವಳಿಯೊಳಗೆ ಮುಗಿಸಿ ಕೊಟ್ಟರೆ ಅಚ್ಚು ಹಾಕಿಸುತ್ತೇವೆ ಎಂದು ಊರಿನ ಹಿತೈಷಿಗಳು ಒಪ್ಪಿದ್ದರು. ಬೇರೆ ಕಡೆ ಒಂದು ನಕಲು ಇಡಬಾರದಿತ್ತೇ ಎಂದು ನೀವು ಕೇಳುತ್ತೀರಿ. ಸಿದ್ದಾಪುರದಲ್ಲಿ ನಿವೃತ್ತ ಪೋಸ್ಟ್‌ಮಾಸ್ತರರೊಬ್ಬರು ಇಂಥದೇ ಶಬ್ದಕೋಶ ಮಾಡುತ್ತಿದ್ದಾರೆಂದು ಸುದ್ದಿ ಇತ್ತು. ಪೆನ್‌ಡ್ರೈವ್ ಎಂಬ ಬೆರಳಷ್ಟುದ್ದದ ವಸ್ತು ಯಾರ ಕಿಸೆ ಸೇರಿ ಯಾವ ಬಸ್ಸು ಹತ್ತುತ್ತದೆಂದು ಹೇಳಲು ಬರುತ್ತದೆಯೇ? ಇಷ್ಟೊಂದು ಶಬ್ದ ಎಲ್ಲಿಂದ ಸಿಕ್ಕಿತು ಎಂದು ಯಾರಾದರೂ ಕೇಳಿದರೂ, 'ಸೋಂದಾ ಕಡೆಯ ಹಿರಿಯರಿಂದ' ಎಂದಷ್ಟೇ ತೇಲಿಸಿಬಿಡುತ್ತಿದ್ದೆ.

ಒಂದು ತಿಂಗಳ ಹಿಂದೆ ರೋಗ ಶುರುವಾಯಿತು. ತಿಂಡಿ ಮುಗಿಸಿ ಕೂತು, ಎರಡು ಸಾಲು ಬರೆದು, ಒಂದು ಕವಳ ಹಾಕೋಣ ಎನ್ನುವಷ್ಟರಲ್ಲಿ ಪರದೆ ಕಪ್ಪು. ಗುಂಡಿ ಒತ್ತಿದರೆ ಕಣ್ಣು ಬಿಟ್ಟ ಹಾಗೆ ಮಾಡಿ ಮತ್ತೆ ಮಲಗುತ್ತಿತ್ತು. ಸಿಟ್ಟು ಬಂದು ಎಲೆ ಅಡಿಕೆಯ ಕವಳದ ಡಬ್ಬಿ ತೆಗೆದುಕೊಂಡು ಜಗಲಿಗೆ ಹೋಗುತ್ತಿದ್ದೆ, ಅಗಿದು ಉಗಿದು ಸಮಾಧಾನ ತಂದುಕೊಂಡು ಒಳಗೆ ಬಂದರೆ ಏನೂ ಆಗದವರಂತೆ ಎದ್ದು ಕೂರುತ್ತಿತ್ತು. ಮತ್ತೆ ಎರಡು ಸಾಲು, ಮತ್ತೆ ಕಪ್ಪು. ಮೊದಲು ಕರೆಂಟಿನವರ ಮೇಲೆ ಸಂಶಯ ಬಂತು, ಆಮೇಲೆ ಇರುವೆಗಳ ಮೇಲೆ, ಆಮೇಲೆ ಹೆಂಡತಿಯ ಮೇಲೆ. ಸಾವಿತ್ರಿಗೆ ಅದನ್ನು ಕಂಡರಾಗದು. 'ಮೇಜು ತುಂಬಾ ಅದೇ ಬಿದ್ಕಂಡಿದ್ದು. ಒರೆಸವು ಅಂದ್ರೆ ಎತ್ತಲೂ ಆಗ್ತಿಲ್ಲೆ, ಗುಜರಿಯವಂಗೆ ಕೊಟ್ಟು ಕೈ ತೊಳಕಳಿ' ಎಂದು ಎಷ್ಟು ಸಲ ಹೇಳಿಲ್ಲ! ಹನ್ನೊಂದು ವರ್ಷದ ದುಡಿಮೆ ಆ ಕಪ್ಪು ಪರದೆಯ ಹಿಂದೆ ಉಳಿದುಹೋದರೆ ನನ್ನ ಗತಿ ಏನು?

ಕೊನೆಗೆ ಪೇಟೆಯಲ್ಲಿ ರಿಪೇರಿ ಅಂಗಡಿ ಇಟ್ಟಿರುವ ಬಸಣ್ಣನ ಹತ್ತಿರ ಒಯ್ದೆ. ನಲವತ್ತರ ಮನುಷ್ಯ, ಬನವಾಸಿ ಹತ್ತಿರದ ಗುಡ್ನಾಪುರದವನು. ಹಳೇ ಯಂತ್ರಗಳ ಒಳಗಿನ ಸಾಮಾನು ಈಗ ಸಿಗುವುದಿಲ್ಲ, ಒಳ್ಳೆಯದನ್ನು ತೆಗೆದು ಕೆಟ್ಟದ್ದನ್ನು ಕೂಡಿಸುತ್ತಾರೆ ಎಂದು ಎಲ್ಲೋ ಕೇಳಿದ್ದೆ. ಅದಕ್ಕೆ ಮನೆಯಲ್ಲೇ ಅದನ್ನು ಮಗುಚಿ, ಒಂದೊಂದು ಸ್ಕ್ರೂ ಮೇಲೂ ಒಂದೊಂದು ಕುಂಕುಮದ ಬೊಟ್ಟು ಇಟ್ಟಿದ್ದೆ. ಬಿಚ್ಚಿದರೆ ಅಳಿಸಿಹೋಗಬೇಕು, ಕಳ್ಳತನ ತಿಳಿಯಬೇಕು. ಬಸಣ್ಣ ಅದನ್ನು ಮಗುಚಿ ನೋಡಿದವನೇ ಎರಡೂ ಕೈ ಮುಗಿದ. 'ಪೂಜಿ ಮಾಡೀರಲ್ರಿ ಸರ್ರ! ಮಷೀನಿನ ಮ್ಯಾಲೆ ಇಷ್ಟು ಭಕ್ತಿ ಇದ್ದವ್ರನ್ನ ನಾ ನೋಡಿಲ್ರಿ' ಅಂದ. ಬಿಚ್ಚಲಿಕ್ಕೇ ಹಿಂಜರಿದ. ಬಿಚ್ಚುವ ಪ್ರಸಂಗವೂ ಬರಲಿಲ್ಲ, ಯಾಕೆಂದರೆ ಅಂಗಡಿಯಲ್ಲಿ ಅದು ಬೆಳಗಿನಿಂದ ಸಂಜೆಯವರೆಗೆ ಒಂದು ಸಲವೂ ಮಲಗಲಿಲ್ಲ. ನಾನು ಸ್ಟೂಲಿನ ಮೇಲೆ ಕೂತು ಕಾದದ್ದೇ ಬಂತು. 'ಗಟ್ಟಿ ಐತ್ರಿ, ಏನೂ ಆಗಿಲ್ರಿ' ಎಂದು ಕೊಟ್ಟು ಕಳಿಸಿದ. ಮನೆಗೆ ತಂದು ಕೂತೆ. ಎರಡು ಸಾಲು, ಕಪ್ಪು.

ಬಸಣ್ಣನೇ ಮನೆಗೆ ಬಂದು ನೋಡುವುದೆಂದಾಯಿತು. ನಮ್ಮ ಕಡೆ ಮನೆಗೆ ಬಂದವರ ಮುಂದೆ ಮೊದಲು ಕವಳದ ಡಬ್ಬಿ ಸರಿಸಬೇಕು. ಬಂದ ಕೆಲಸ ಕೇಳುವುದು ಆಮೇಲೆ. ನಾನೂ ಮೇಜಿನ ಮೇಲಿದ್ದ ಡಬ್ಬಿಯನ್ನು ಅವನ ಕಡೆ ತಳ್ಳಿ, 'ಕವಳ ಹಾಕು ಬಸಣ್ಣ' ಅಂದೆ. ಅವನು ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಎಲೆಗೆ ಸುಣ್ಣ ಸವರುತ್ತ ಕೂತ, ಲ್ಯಾಪ್‌ಟಾಪು ದೀಪದ ಹಾಗೆ ಉರಿಯುತ್ತ ಕೂತಿತು. ಒಂದು ತಾಸು ಕಳೆಯಿತು. ಅವನು ಹೊರಟು ಗೇಟು ಹಾಕಿದ್ದೇ ತಡ, ಕಪ್ಪು. ಎರಡನೆಯ ಸಲ ಬಂದವನು ಕುಂಕುಮಕ್ಕೆ ಕೈ ಮುಗಿದೇ ಬಿಚ್ಚಿದ. ಫ್ಯಾನಿನ ಧೂಳು ಊದಿದ, ಮೆಮೊರಿ ಪಟ್ಟಿಯನ್ನು ತೆಗೆದು ಶಾಲೆಯ ಮಕ್ಕಳ ರಬ್ಬರಿನಿಂದ ಉಜ್ಜಿದ, ಪರದೆಯ ವೈರು ಅಲುಗಾಡಿಸಿದ. ಆವತ್ತೂ ಅದೇ ಕತೆ. ಅವನು ಕವಳ ಅಗಿಯುತ್ತಿರುವಷ್ಟು ಹೊತ್ತೂ ಜೀವಂತ, ಹೋದ ಮೇಲೆ ಮರಣ. ಈ ಮನುಷ್ಯ ಕಿಸೆಯಲ್ಲಿ ಏನೋ ಇಟ್ಟುಕೊಂಡು ಬರುತ್ತಾನೆ, ರೋಗವನ್ನು ಅವನೇ ಹಚ್ಚಿ ಅವನೇ ಬಿಡಿಸುತ್ತಾನೆ ಎಂದು ನನಗೆ ಖಾತ್ರಿಯಾಗಿಹೋಯಿತು. ಸಿದ್ದಾಪುರದ ಬಸ್ಸು ಅವನ ಅಂಗಡಿಯ ಎದುರೇ ನಿಲ್ಲುತ್ತದೆ ಎಂಬುದೂ ಅದೇ ಹೊತ್ತಿಗೆ ಹೊಳೆಯಿತು.

ಮೂರನೆಯ ಸಲ ಬಸಣ್ಣ ಬಂದಾಗ ಅವನ ಕೆನ್ನೆ ಊದಿತ್ತು. ನಾನು ಡಬ್ಬಿಗೆ ಕೈ ಹಾಕುವಷ್ಟರಲ್ಲಿ ತಡೆದ. 'ಬ್ಯಾಡ್ರಿ ಸರ್ರ, ಮುಂಜಾನೆ ಹಲ್ಲು ಕೀಳ್ಸೀನ್ರಿ.' ಸರಿ, ಡಬ್ಬಿ ಇದ್ದಲ್ಲೇ ಉಳಿಯಿತು. ಇದ್ದಲ್ಲೇ ಎಂದರೆ ಲ್ಯಾಪ್‌ಟಾಪಿನ ಮೇಲೆ. ನಾನು ಟೈಪು ಮಾಡುವುದು ಬಲಗೈಯ ಒಂದೇ ಬೆರಳಿನಲ್ಲಿ, ಎಡ ಅಂಗೈ ಊರುವ ಜಾಗ ಖಾಲಿ ಬಿದ್ದಿರುತ್ತದೆ. ಕವಳ ಕೈಗೆ ಸಿಗಲಿ ಎಂದು ಡಬ್ಬಿಯನ್ನು ಅಲ್ಲೇ ಇಟ್ಟುಕೊಳ್ಳುವುದು ನನ್ನ ರೂಢಿ. ಬಸಣ್ಣನ ಕಣ್ಣೆದುರು ಮೊದಲ ಸಲ ಪರದೆ ಕಪ್ಪಾಗಿಯೇ ಇತ್ತು. 'ನೋಡು, ನೋಡು, ಈಗ ಸಿಕ್ಕಿತು!' ಎಂದು ನಾನು ಕುಣಿದೇಬಿಟ್ಟೆ. ಅವನು ಸ್ಕ್ರೂಡ್ರೈವರ್ ಇಡಲು ಜಾಗ ಮಾಡಿಕೊಳ್ಳಲೆಂದು ಡಬ್ಬಿ ಎತ್ತಿ ಪಕ್ಕಕ್ಕಿಟ್ಟು ಗುಂಡಿ ಒತ್ತಿದ. ಬೆಳಕು ಬಂತು. ಡಬ್ಬಿಯನ್ನೇ ಒಂದು ಗಳಿಗೆ ನೋಡಿದ. ವಾಪಸು ಇಟ್ಟ, ಕಪ್ಪು. ತೆಗೆದು ಗುಂಡಿ ಒತ್ತಿದ, ಬೆಳಕು. ಆಮೇಲೆ ಡಬ್ಬಿಯ ಮುಚ್ಚಳವನ್ನು ಟಪ್ ಎಂದು ಮುಚ್ಚಿ, ಊದಿದ ಕೆನ್ನೆ ಹಿಡಿದುಕೊಂಡು ನಕ್ಕ. 'ಎಲ್ಲಿಂದ ತಂದೀರಿ ಸರ್ರ, ಈ ಡಬ್ಬಿ?' ಯಲ್ಲಾಪುರದ ಒಂದು ಗೃಹಪ್ರವೇಶದಲ್ಲಿ ತಿಂಗಳ ಹಿಂದೆ ಉಡುಗೊರೆ ಬಂದದ್ದು ಅಂದೆ. 'ಇದ್ರ ಬಾಯಾಗ ಅಯಸ್ಕಾಂತ ಐತ್ರಿ. ಮಷೀನಿನ ಮುಚ್ಚಳದಾಗೂ ಒಂದು ಇರ್ತೈತಿ. ಅದು ಹತ್ರ ಬಂತಂದ್ರ, ಯಜಮಾನ್ರು ಮುಚ್ಚಿದ್ರು ಅಂತ ತಿಳಕೊಂಡು ಮಲಗ್ತೈತ್ರಿ. ಪಾಪ, ತಪ್ಪು ಅದರದ್ದಲ್ರಿ.'

ನನಗೆ ನಾಚಿಕೆಯೂ ಆಯಿತು, ಕಣ್ಣಲ್ಲಿ ನೀರು ಬರುವಷ್ಟು ಸಂತೋಷವೂ ಆಯಿತು. ಆ ಸಂತೋಷದಲ್ಲೇ ಮೈಮರೆತು, 'ನೋಡು ಬಸಣ್ಣ, ಫೈಲು ಸರಿಯಿದೆಯೋ ಹೇಗೋ, ನೀನೇ ತೆರೆ' ಅಂದುಬಿಟ್ಟೆ. ತೆರೆದ. ನಾನು ಕೊನೆಗೆ ಬರೆದದ್ದೇ ಎದುರಿಗೆ ಬಂತು. ಬನವಾಸಿ ಕಡೆಯವನಿಗೆ ನಮ್ಮ ಮಾತು ಹೊಸದು, ಮಕ್ಕಳ ಹಾಗೆ ಗಟ್ಟಿಯಾಗಿ ಓದಿದ. '"ಹಲುಬು: ಸುಮ್ಮನೆ ಗೊಣಗುತ್ತ ಇರು. ಉದಾಹರಣೆ: ಬೆಳಗಾದ್ರೆ ಇವರದ್ದು ಹಲುಬದೊಂದೇ ಕೆಲ್ಸ." ಚಲೋ ಐತ್ರಿ! ಇವರು ಅಂದ್ರ ಯಾರ್ರಿ?' ನಾನು ಉತ್ತರಿಸುವ ಮೊದಲೇ ಮೇಲಕ್ಕೆ ಸರಿಸಿದ. '"ಮಳ್ಳು: ತಿಳಿಗೇಡಿತನ. ಉದಾಹರಣೆ: ಇವರ ಮಳ್ಳಿಗೆ ಮದ್ದು ಕೊಡೋ ಡಾಕ್ಟ್ರು ಇಡೀ ಶಿರಸಿಲಿ ಇಲ್ಲೆ."' ಸಾಕು ಸಾಕು ಎಂದು ಮುಚ್ಚಳಕ್ಕೆ ಕೈ ಹಾಕಿದೆ. ಬಾಗಿಲಲ್ಲಿ ಸಾವಿತ್ರಿ ಮಜ್ಜಿಗೆಯ ಲೋಟ ಹಿಡಿದು ನಿಂತಿದ್ದಳು.

ಇನ್ನು ಮುಚ್ಚಿಟ್ಟು ಫಲವಿಲ್ಲ. ಅವಳ ತವರು ಸೋಂದಾ. ನನ್ನ 'ಸೋಂದಾ ಕಡೆಯ ಹಿರಿಯರು' ಎಂದರೆ ಅವಳೊಬ್ಬಳೇ. ಅವಳು ಬೈಯುವಾಗ ಬರುವಂಥ ಶಬ್ದಗಳು ಯಾವ ಹಿರಿಯರನ್ನು ಕೂರಿಸಿ ಕೇಳಿದರೂ ಬರುವುದಿಲ್ಲ. ಬೈಸಿಕೊಂಡು, ಬಚ್ಚಲಿಗೆ ಹೋಗುವ ನೆಪದಲ್ಲಿ ಬರೆದುಕೊಂಡು, ಹನ್ನೊಂದು ವರ್ಷ ಸಾಗಿಸಿದ್ದೆ. ಬಸಣ್ಣ ಮಜ್ಜಿಗೆ ಕುಡಿದು ಹೇಳದೆ ಕೇಳದೆ ಜಾಗ ಖಾಲಿ ಮಾಡಿದ.

'ಆನು ಹೇಳಿದ್ದನ್ನೆಲ್ಲ ಬರಕಂಡಿದ್ರಾ?' ಅಂದಳು ಸಾವಿತ್ರಿ.

'ನಿನ್ನ ಹೆಸರು ಎಲ್ಲೂ ಹಾಕಿದ್ನಿಲ್ಲೆ, ಹೆದರಡ' ಎಂದು ಸಮಾಧಾನ ಹೇಳಿದೆ.

'ಎಲ್ಲೂ ಇಲ್ಲೆ ಅಲ್ದಾ? ಅದನ್ನೇ ಕೇಳಿದ್ದು ಆನು' ಅಂದಳು. ಮೆತ್ತಗೆ ಅಂದಳು. ಹತ್ತು ಬೈಗುಳವೂ ನಾಟದ ನನಗೆ ಅದು ನಾಟಿತು.

ಮರುದಿನವೇ ಮೊದಲ ಪುಟದಲ್ಲಿ ನನ್ನ ಹೆಸರಿಗಿಂತ ಮೇಲೆ ಅವಳ ಹೆಸರು ಹಾಕಿ ತೋರಿಸಿದೆ. ಕನ್ನಡಕ ಹಾಕಿಕೊಂಡು ಓದಿದಳು. 'ತಮ್ಮ ಔದಾರ್ಯಕ್ಕೆ ಕೃತಜ್ಞಳಾಗಿದ್ದೇನೆ' ಅಂದಳು. ತಮಾಷೆ ಎಂದುಕೊಂಡೆ. ಮಧ್ಯಾಹ್ನ, 'ಭೋಜನ ಸಿದ್ಧವಾಗಿದೆ, ದಯವಿಟ್ಟು ಬನ್ನಿ' ಎಂದು ಕರೆದಳು. ಅಂದಿನಿಂದ ನನ್ನ ಎದುರು ಅಚ್ಚು ಹಾಕಿದ ಕನ್ನಡ ಬಿಟ್ಟು ಬೇರೆ ಒಂದು ಮಾತಿಲ್ಲ. ತಂಗಿಗೆ ಫೋನು ಮಾಡುವಾಗ ಮಾತ್ರ ಒಳಗಿನ ಕೋಣೆಯಿಂದ ನಮ್ಮ ಮಾತು ಭೋರ್ಗರೆಯುವುದು ಕೇಳುತ್ತದೆ. ಹತ್ತಿರ ಹೋದರೆ ಚಿಲಕ ಬೀಳುತ್ತದೆ. ಯಂತ್ರ ಈಗ ಬೆಳಗಿನಿಂದ ಸಂಜೆಯವರೆಗೆ ಎಚ್ಚರವಾಗಿಯೇ ಇದೆ, 'ಹ'ದಲ್ಲಿ ಇನ್ನೂ ಅರ್ಧ ಬಾಕಿ ಇದೆ, ದೀಪಾವಳಿ ಹತ್ತಿರ ಬರುತ್ತಿದೆ.

ನಿನ್ನೆ ದಾರಿ ಕಾಣದೆ, ಬೇಕೆಂದೇ ಅಡುಗೆಮನೆಯಲ್ಲಿ ಹಾಲಿನ ಪಾತ್ರೆ ಬೀಳಿಸಿದೆ. ಮೊದಲಾದರೆ ಇಂಥ ಹೊತ್ತಿನಲ್ಲಿ ಒಂದೇ ಉಸಿರಿಗೆ ಆರೇಳು ಶಬ್ದ ಸಿಗುತ್ತಿದ್ದವು. ಪೆನ್ಸಿಲ್ಲನ್ನು ಕಿಸೆಯಲ್ಲೇ ಇಟ್ಟುಕೊಂಡು ಹೋಗಿದ್ದೆ. ಸಾವಿತ್ರಿ ಬಂದಳು, ಹಾಲನ್ನು ನೋಡಿದಳು, ನನ್ನನ್ನು ನೋಡಿದಳು. 'ಚಿಂತೆಯಿಲ್ಲ, ಬಿಡಿ. ತಮಗೆ ಪೆಟ್ಟಾಗಲಿಲ್ಲವಷ್ಟೆ?' ಎಂದಳು. ನಮ್ಮ ನಲವತ್ತು ವರ್ಷದ ಸಂಸಾರದಲ್ಲಿ ನಾನು ಅಷ್ಟು ಹೆದರಿದ್ದಿಲ್ಲ. ಬಟ್ಟೆ ತಂದು ಮೊಣಕಾಲೂರಿ ನಾನೇ ನೆಲ ಒರೆಸಿದೆ. ಅವಳು ಅಷ್ಟು ಹೊತ್ತೂ ಗೋಡೆಯ ಕಡೆ ಮುಖ ಮಾಡಿ, ಬಾಯಿಗೆ ಸೆರಗು ಹಿಡಿದು ನಿಂತಿದ್ದಳು. ನಗುತ್ತಿದ್ದಳು ಎಂದು ನನಗೆ ಬಲವಾದ ಸಂಶಯ.