ಮಾವನ ಊರಿಗೆ ಕ್ಲಚ್ಚಿಲ್ಲದ ಕಾರು

ಬೀದರಿನ ಚೌಬಾರಾ ಗೋಪುರದ ಹತ್ತಿರ ಬಟ್ಟೆ ಅಂಗಡಿ ಇಟ್ಟಿದ್ದ ಶಿವರಾಜಪ್ಪನವರು ಆ ವರ್ಷದ ದೀಪಾವಳಿಗೆ ಮಾವನ ಊರಾದ ಔರಾದಕ್ಕೆ ಸ್ವಂತ ಕಾರಿನಲ್ಲಿ, ಸ್ವಂತ ಕೈಯಿಂದ ಓಡಿಸಿಕೊಂಡೇ ಹೋಗುವುದಾಗಿ ಘೋಷಿಸಿಬಿಟ್ಟರು. ಘೋಷಿಸುವಾಗ ಅವರ ಹತ್ತಿರ ಕಾರೂ ಇರಲಿಲ್ಲ, ಓಡಿಸುವುದೂ ಗೊತ್ತಿರಲಿಲ್ಲ. ಆದರೆ ಇಂಥ ಸಣ್ಣಪುಟ್ಟ ಅಡಚಣೆಗಳಿಗೆ ಹೆದರುವ ಕಾಲವೇ ಅದು? ಹಬ್ಬದ ಹೊತ್ತಿಗೆ ಸರಿಯಾಗಿ ಇಡೀ ಜಿಲ್ಲೆಯೇ ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಲು ಸಜ್ಜಾಗಿ ಕೂತಿತ್ತು! ಕೂತಲ್ಲಿಂದ ಏಳದೆಯೇ ಒಂದು ಜಿಲ್ಲೆ ಅಷ್ಟು ದೂರ ಹೋಗಬಹುದಾದರೆ, ಶಿವರಾಜಪ್ಪ ಔರಾದದ ತನಕ ಹೋಗಲಾರರೆ?

ಈ ಹಟಕ್ಕೆ ಕಾರಣ ಮಾವ ವೈಜಿನಾಥಪ್ಪನವರು. ಹೊಸದಾಗಿ ಮದುವೆಯಾದಾಗ ಅಳಿಯ ಉತ್ಸಾಹದಿಂದ ಮಾವನ ಎತ್ತಿನ ಗಾಡಿ ಹೊಡೆಯಲು ಹೋಗಿ, ಗಾಡಿ, ಎತ್ತು, ಬೀಗರು ಸಮೇತ ಕೆರೆಯೊಳಗೆ ಇಳಿಸಿದ್ದರು. ಅಂದಿನಿಂದ ವೈಜಿನಾಥಪ್ಪ ಕಂಡ ಕಂಡವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು: "ನಮ್ಮ ಅಳೇಂದ್ರದು ಅರಿವಿ ಅಳಿಯೂ ಗಜಕಡ್ಡಿ ಹಿಡಿಯೂ ಕೈರಿ, ಹಗ್ಗ ಹಿಡಿಯೂ ಕೈ ಅಲ್ಲ." ಆ ಮಾತನ್ನು ಔರಾದದ ಹೆಬ್ಬಾಗಿಲಲ್ಲೇ, ನಾಲ್ಕು ಜನ ಹಿರಿಯರ ಎದುರಿಗೆ, ಹಾರ್ನ್ ಹೊಡೆದು ಅಳಿಸಿಹಾಕಬೇಕಾಗಿತ್ತು.

ಹೆಂಡತಿ ವಿಮಲಾಬಾಯಿ ಒಂದೇ ಪ್ರಶ್ನೆ ಕೇಳಿದಳು. "ಎತ್ತು ತಗೊಳ್ಳಾಕ ಹೋದ್ರ ಹಲ್ಲು ನೋಡ್ತಾರ. ಕಾರಿಗೆ ಏನು ನೋಡ್ತೀರಿ?"

"ಎಲ್ಲಾ ನೋಡ್ತೇನಿ."

"ಅಂದ್ರ ಏನೂ ಗೊತ್ತಿಲ್ಲ" ಎಂದು ಅವಳು ರೊಟ್ಟಿ ತಟ್ಟಲು ಹೋದಳು.

ಗೊತ್ತಿರುವವನೆಂದು ಮೋಟಾರು ಮಿಸ್ತ್ರಿ ಮಕ್ಬೂಲನನ್ನು ಜೊತೆಗೆ ಕರೆದುಕೊಂಡು ಶಿವರಾಜಪ್ಪ ಬೇಟೆಗೆ ಹೊರಟರು. ಮೊದಲು ಬಗದಲ್‌ಗೆ. ಅಲ್ಲಿಯ ಪಟೇಲರ ಹಳೆಯ ಕಾರು ನೋಡಲು ಲಕ್ಷಣವಾಗಿತ್ತು. ಆದರೆ ಅದಕ್ಕೆ ಕ್ಲಚ್ಚು ಎಂಬುದೊಂದಿತ್ತು. ಎಡಗಾಲನ್ನು ಮೆಲ್ಲಗೆ ಎತ್ತುತ್ತ ಬಲಗಾಲನ್ನು ಮೆಲ್ಲಗೆ ಒತ್ತಬೇಕು ಎಂದು ಮಕ್ಬೂಲ ಹೇಳಿಕೊಟ್ಟ. ಶಿವರಾಜಪ್ಪನವರ ಎರಡೂ ಕಾಲು ಒಟ್ಟಿಗೆ ಎದ್ದವು, ಒಟ್ಟಿಗೆ ಕೂತವು. ಕಾರು ಮಳೆಗಾಲದ ಕಪ್ಪೆಯ ಹಾಗೆ ನೆಗೆನೆಗೆದು ಪಟೇಲರ ಜೋಳದ ಕಣಕಿಯ ಬಣವಿಗೆ ಮೂತಿ ಇಟ್ಟು ಉಸಿರು ಬಿಟ್ಟಿತು. ಪಟೇಲರು ಗಾಡಿ ಮಾರುವ ವಿಚಾರವನ್ನೇ ಕೈಬಿಟ್ಟರು.

"ಸಾವಕಾರ್ರ, ಬೇಜಾರ ಆಗಬ್ಯಾಡ್ರಿ" ಎಂದ ಮಕ್ಬೂಲ. "ನಿಮ್ಮ ಎಡಗಾಲಿಗೂ ಬಲಗಾಲಿಗೂ ದುಷ್ಮನಿ ಅದ."

ಆಮೇಲೆ ಭಾಲ್ಕಿಗೆ. ಅಲ್ಲಿಯ ಕಾರು ಚಾಲೂ ಆಗಬೇಕಾದರೆ ನಾಲ್ವರು ನೂಕಬೇಕಾಗಿತ್ತು. ಒಮ್ಮೆ ನೂಕಿದರೆ ಸಾಕು, ಆಮೇಲೆ ಕುದುರೆ ಎಂದು ಮಾಲೀಕ ಆಣೆ ಮಾಡಿದ. ಶಿವರಾಜಪ್ಪ ಕರಗಿಯೇಬಿಟ್ಟಿದ್ದರು. ಮನೆಗೆ ಬಂದು ವರ್ಣಿಸಿದಾಗ ವಿಮಲಾಬಾಯಿ, ನೂಕಿದ ಆ ನಾಲ್ವರು ಎಲ್ಲಿ ಕೂಡಬೇಕು, ಅವರಿಗೂ ದೀಪಾವಳಿಗೆ ತನ್ನ ತವರಿನಲ್ಲಿ ಎಣ್ಣೆ ಹಚ್ಚಿ ಎರೆಯಬೇಕೋ ಎಂದು ವಿಚಾರಿಸಿದಳು. ಅಲ್ಲಿಗೆ ಭಾಲ್ಕಿಯ ಕುದುರೆ ಭಾಲ್ಕಿಯಲ್ಲೇ ಉಳಿಯಿತು.

ಅಷ್ಟರಲ್ಲಿ ಬೀದರಿನಲ್ಲೇ ಒಬ್ಬ ಹಳೆಯ ಜಾಗೀರದಾರರು, ತಾವು ಮಾತ್ರ ಮೈಸೂರಿನವರಾಗುವುದಿಲ್ಲವೆಂದು ಹೈದರಾಬಾದಿಗೆ ಹೊರಟು ನಿಂತಿದ್ದರು. ಅವರ ಅಮೇರಿಕಾದ ಕಾರು ಮಾರಾಟಕ್ಕಿತ್ತು. ಕಾರೇ ಅದು? ಉದ್ದ ಎಂದರೆ, ಅದರ ಮೂತಿ ಚೌಬಾರಾ ದಾಟಿದ ಮೇಲೂ ಬಾಲ ಬಹಳ ಹೊತ್ತು ಬರುತ್ತಲೇ ಇರುತ್ತಿತ್ತು! ಮುಂದಿನ ಸೀಟು ಒಂದು ದಿವಾನ, ಹಿಂದಿನದು ಒಂದು ದರಬಾರು. ಜಾಗೀರದಾರರ ಮುದಿ ಡ್ರೈವರ್ ಸಲಾವೋದ್ದೀನ ಬಾಗಿಲು ತೆರೆದು ಕೆಳಗೆ ತೋರಿಸಿದ. ಅಲ್ಲಿ ಎರಡೇ ಪೆಡಲು. ಒಂದು ಹೋಗಲು, ಒಂದು ನಿಲ್ಲಲು. ಕ್ಲಚ್ಚು ಇಲ್ಲ! ಗೇರು ತಾನೇ ಬದಲಾಗುತ್ತದೆ! ಶಿವರಾಜಪ್ಪನವರ ಎಡಗಾಲು ಹುಟ್ಟಿದ ಮೇಲೆ ಮೊದಲ ಸಲ ನಿರುದ್ಯೋಗದ ಸುಖವನ್ನು ಕಂಡಿತು.

ಸಲಾವೋದ್ದೀನ ಒಂದೇ ಒಂದು ಎಚ್ಚರಿಕೆ ಹೇಳಿದ. ಇಳಿಯುವ ಮೊದಲು ಸ್ಟೇರಿಂಗಿನ ಹಿಂದಿನ ಕಡ್ಡಿಯನ್ನು ಮೇಲಕ್ಕೆ ತಳ್ಳಿ ಕೈಬ್ರೇಕು ಎಳೆಯಬೇಕು. ಇಲ್ಲವಾದರೆ ಕಾರು ಸುಮ್ಮನೆ ನಿಲ್ಲುವುದಿಲ್ಲ, ಯಾರೂ ಏನೂ ಒತ್ತದಿದ್ದರೂ ತಾನೇ ಮೆಲ್ಲಗೆ ನಡೆಯುತ್ತ ಹೋಗುತ್ತದೆ. ಹತ್ತುವ ಸಂಭ್ರಮದಲ್ಲಿದ್ದ ಶಿವರಾಜಪ್ಪನವರಿಗೆ ಇಳಿಯುವ ಮಾತು ಅಪಶಕುನದಂತೆ ಕೇಳಿಸಿತು. ವ್ಯವಹಾರ ಕುದುರಿತು. ಕೋಟೆಯ ಎದುರಿನ ಬಯಲಿನಲ್ಲಿ ಅಭ್ಯಾಸವೂ ಆಯಿತು. ಹಸು, ಕತ್ತೆ, ಮಕ್ಬೂಲ ಎಲ್ಲರೂ ಜೀವಂತ ಉಳಿದರು.

ನವೆಂಬರ್ ಒಂದರಂದು ಬೀದರಿನ ಜನ ಮೈಸೂರು ರಾಜ್ಯದಲ್ಲಿ ಕಣ್ಣು ತೆರೆದರು. ಶಿವರಾಜಪ್ಪ ಜರಿಯ ರುಮಾಲು ಸುತ್ತಿಕೊಂಡು ಸ್ಟೇರಿಂಗು ಹಿಡಿದರು. ಪಕ್ಕದಲ್ಲಿ ವಿಮಲಾಬಾಯಿ, ಹಿಂದಿನ ದರಬಾರಿನಲ್ಲಿ ತಾಯಿ ಶಾಂತಾಬಾಯಿ ಮತ್ತು ಹಬ್ಬದ ಉಂಡಿಯ ಡಬ್ಬಿಗಳು. ಸಂತಪುರದಲ್ಲಿ ಬಸ್ಸಿಗೆ ಕಾದವರು ಎದ್ದು ನಿಂತು ನೋಡಿದರು. ಶಿವರಾಜಪ್ಪ ಹಾರ್ನ್ ಹೊಡೆದರು. ರಸ್ತೆಯಲ್ಲಿ ಯಾರೂ ಇಲ್ಲದಾಗಲೂ ಹೊಡೆದರು. ಅವರ ಲೆಕ್ಕದಲ್ಲಿ ಔರಾದದ ತನಕ ಕಾರು ಬೆಣ್ಣೆಯ ಮೇಲೆ ಜಾರಿದಂತೆ ಬಂತು!

ಊರ ಬಾಯಲ್ಲಿ ಮಾವಿನ ತೋರಣ. ಹಲಗೆಯ ಸದ್ದು. ತಹಸೀಲ ಕಚೇರಿಯಲ್ಲಿ ಬಾವುಟ ಏರಿಸಲು ಊರೇ ಕೂಡಿತ್ತು. ಬೇವಿನ ಮರದ ಕೆಳಗೆ, ಬಯಸಿದ್ದಂತೆಯೇ, ನಾಲ್ಕು ಜನ ಹಿರಿಯರ ನಡುವೆ ಮಾವ ವೈಜಿನಾಥಪ್ಪ ನಿಂತಿದ್ದರು.

ಈಗ, ಆ ಸೀಮೆಯಲ್ಲಿ ಮಾವನ ಎದುರಿಗೆ ಗಾಡಿಯಲ್ಲಿ ಕೂತು ಮಾತಾಡಿದ ಅಳಿಯ ಹುಟ್ಟಿಯೇ ಇಲ್ಲ. ಎತ್ತಿನ ಗಾಡಿಯಿರಲಿ, ಸೈಕಲ್ಲಿರಲಿ, ಮಾವ ಕಂಡೊಡನೆ ಕಾಲು ನೆಲ ಮುಟ್ಟಬೇಕು. ಶಿವರಾಜಪ್ಪನವರ ಕಾಲಿಗೆ ಈ ಸಂಸ್ಕಾರ ಚೆನ್ನಾಗಿತ್ತು. ಬ್ರೇಕು ಒತ್ತಿದರು, ಇಳಿದರು, ಚಪ್ಪಲಿ ಬಿಟ್ಟರು, ಬಗ್ಗಿ ಮಾವನ ಪಾದ ಮುಟ್ಟಿದರು. ತಲೆ ಎತ್ತಿ ನೋಡುತ್ತಾರೆ: ಮಾವ ಇದ್ದಾರೆ, ಕಾರಿಲ್ಲ.

ಅದು ಹೆಂಡತಿಯನ್ನೂ ತಾಯಿಯನ್ನೂ ಉಂಡಿಯನ್ನೂ ಹೊತ್ತು ಊರೊಳಗೆ ಮೆಲ್ಲಗೆ ನಡೆದಿತ್ತು.

ಶಿವರಾಜಪ್ಪ ಓಡಿದರು. ಅವರ ಬಲಗೈಯನ್ನು ಪ್ರೀತಿಯಿಂದ ಹಿಡಿದಿದ್ದ ವೈಜಿನಾಥಪ್ಪನವರೂ ಬರಬೇಕಾಯಿತು. ಕಾರನ್ನು ಮುಟ್ಟಿ, ಕಿಟಕಿಯೊಳಗೆ ಎಡಗೈ ತೂರಿಸಿ, ಶಿವರಾಜಪ್ಪ ಎತ್ತಿನ ಮೂಗುದಾರ ಹಿಡಿದಂತೆ ಸ್ಟೇರಿಂಗು ಹಿಡಿದು ನಡೆಯತೊಡಗಿದರು.

"ಅಳೇಂದ್ರ, ಒಳಗ ಕೂಡೂದು ಬಿಟ್ಟು ಯಾಕ ನಡೀಲಿಕತ್ತೀರಿ?" ಎಂದು ಮಾವ ಕೇಳಿದರು.

ಇಂಥ ಸಂದರ್ಭದಲ್ಲಿ ನಿಜ ಹೇಳುವುದು ಋಷಿಗಳಿಗೆ ಸಾಧ್ಯ, ಅಳಿಯಂದಿರಿಗಲ್ಲ. "ಮಾವನವರ ಊರಾಗ ಗಾಡಿ ಮ್ಯಾಲ ಕೂತು ಮೆರಿಯೂದು ನನಗ ಛಂದ ಕಾಣೂದಿಲ್ರಿ. ನಡಕೋಂತ ಬರ್ತೇನಿ."

ವೈಜಿನಾಥಪ್ಪನವರು ಅಳಿಯನ ಬೆನ್ನು ತಟ್ಟಿದರು. ಅವರು ಹಿಂದೆ ತಿರುಗಿ, ಅಳಿಯ ಎಂದರೆ ಇವರು ನೋಡಿರಿ ಎಂದು ಹಿರಿಯರನ್ನೆಲ್ಲ ಕರೆದರು. ಹಿರಿಯರು ಕೂಡಿಕೊಂಡರು. ಜನ ನೆರೆದರು. ಹಲಗೆಯವರು ಇದೂ ಮೆರವಣಿಗೆಯ ಭಾಗವೆಂದು ತಿಳಿದು ಮುಂದೆ ನಡೆಯುತ್ತ ಬಾರಿಸತೊಡಗಿದರು. ಯಾರೋ ಕಾರಿನ ಮೂತಿಗೆ ಚೆಂಡುಹೂವಿನ ಹಾರ ಹಾಕಿದರು. ಶಾಂತಾಬಾಯಿ ಹಿಂದಿನಿಂದ ಎರಡೂ ಕಡೆಗೆ ಕೈ ಮುಗಿದರು. ಪಳಗಿದ ಎತ್ತುಗಳು ತಾವೇ ಮನೆಗೆ ಹೋಗುವುದನ್ನು ಕಂಡಿದ್ದ ಅವರಿಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಶಿವರಾಜಪ್ಪ ನಗುಮುಖವನ್ನು ಊರಿಗೂ ಬೆವರನ್ನು ಕಿಟಕಿಗೂ ಕೊಟ್ಟು ಪಿಸುಗುಟ್ಟಿದರು. "ಆ ಕಡ್ಡಿ ಮ್ಯಾಲ ತಳ್ಳು."

"ಯಾವ ಕಡ್ಡಿ? ಮೊದ್ಲ ನೀವು ಒಳಗ ಬರ್ರಿ" ಎಂದಳು ವಿಮಲಾಬಾಯಿ.

"ಹ್ಯಾಂಗ ಬರಲಿ? ನಾ ಮಾನಾ ಕೊಡ್ಲಿಕತ್ತೇನಿ."

ಎದುರಿಗೆ ಕಚೇರಿಯ ಬಯಲು. ನಟ್ಟ ನಡುವೆ ಹೊಸ ರಾಜ್ಯದ ಸಂಭ್ರಮಕ್ಕೆ ನೆಟ್ಟ ಬಾವುಟದ ಕಂಬ. ಕಾರು ನೇರ ಅದಕ್ಕೇ ಗುರಿಯಿಟ್ಟಿತ್ತು. ರಾಜ್ಯ ಹುಟ್ಟಿದ ದಿನವೇ ಅದರ ಕಂಬ ಮುರಿದವರೆಂದು ತಮ್ಮ ವಂಶವೇ ಹೆಸರಾಗುವುದು ಶಿವರಾಜಪ್ಪನವರ ಕಣ್ಣಿಗೆ ಕಟ್ಟಿತು. ಎಡಗೈ ಒಂದರಿಂದ ಎಷ್ಟು ಎಳೆದರೂ ಸ್ಟೇರಿಂಗು ತಿರುಗಲಿಲ್ಲ.

ಆಗ ವಿಮಲಾಬಾಯಿ ಸೆರಗು ಸಿಕ್ಕಿಸಿ, ದಿವಾನದಂಥ ಸೀಟಿನ ಮೇಲೆ ಇತ್ತ ಸರಿದು, ಗಂಡನ ಕೈಯನ್ನು ಕಿಟಕಿಯಿಂದ ಹೊರಗೆ ಹಾಕಿ, ಸ್ಟೇರಿಂಗನ್ನು ಎರಡೂ ಕೈಯಿಂದ ತಿರುವಿದಳು. ಕಾರು ಕಂಬಕ್ಕೆ ಗೇಣು ಬಿಟ್ಟು ಹೊರಳಿತು. ಕಂಬದ ಸುತ್ತ ಒಂದು ಪ್ರದಕ್ಷಿಣೆ ಬಂತು. ಜನ ಚಪ್ಪಾಳೆ ತಟ್ಟಿದರು. ಎರಡನೆಯ ಪ್ರದಕ್ಷಿಣೆ ಖಂಡಿತ ಬೇಕಾಗಿರಲಿಲ್ಲ. ಆದರೂ ಅದನ್ನೂ ಹಾಕಿದಳು. ಆಮೇಲೆ ಎರಡು ಪೆಡಲುಗಳಲ್ಲಿ ನಿಲ್ಲುವುದು ಯಾವುದೆಂದು ತಾನೇ ಒತ್ತಿ ನೋಡಿ ತಿಳಿದುಕೊಂಡು, ತವರುಮನೆಯ ಕಟ್ಟೆಯ ಎದುರಿಗೆ ತಂದು ನಿಲ್ಲಿಸಿದಳು. ಶಿವರಾಜಪ್ಪ ಏದುಸಿರು ಬಿಡುತ್ತ ಬಂದು ಕಡ್ಡಿ ತೋರಿಸಿಕೊಟ್ಟರು.

ಹಬ್ಬದುದ್ದಕ್ಕೂ ಅವರಿಗೆ ಸಿಕ್ಕ ಮರ್ಯಾದೆ ಅಷ್ಟಿಷ್ಟಲ್ಲ. ಮಾವ ಹಳೆಯ ಕೆರೆಯ ಮಾತನ್ನು ಮರೆತು, ಹೊಸ ಕಥೆಯನ್ನು ಮನೆಮನೆಗೆ ಹಂಚಿದರು. ಹೊರಡುವ ದಿನ ಊರ ಹಿರಿಯರೆಲ್ಲ ಬೀಳ್ಕೊಡಲು ಬಂದರು. ಶಿವರಾಜಪ್ಪ ಗತ್ತಿನಿಂದ ಕಾರಿನ ಬಾಗಿಲಿಗೆ ಕೈ ಹಾಕಿದರು. ವೈಜಿನಾಥಪ್ಪ ಆ ಕೈಯನ್ನು ಮೃದುವಾಗಿ ಹಿಡಿದುಕೊಂಡರು.

"ನಿಮ್ಮ ನೇಮ ನಾವು ಮುರಿಯೂದಿಲ್ರಿ ಅಳೇಂದ್ರ. ಊರ ಸೀಮಿ ತನಕ ನಡದೇ ಹೋಗೋಣ. ನಮ್ಮ ವಿಮಲಾ ಗಾಡಿ ತರ್ತಾಳ."

ಬಿಸಿಲಿನಲ್ಲಿ, ಜರಿಯ ರುಮಾಲಿನಲ್ಲಿ, ಶಿವರಾಜಪ್ಪ ಊರ ಸೀಮೆಯ ಕಲ್ಲಿನ ತನಕ ನಡೆದರು. ಹಿಂದೆ ಕಾರು ಮುತ್ತೈದೆಯಂತೆ ಮೆಲ್ಲಗೆ ಬಂತು. ಕೊನೆಗೆ ಎಲ್ಲರೂ ಕೈ ಮುಗಿದು ಮರಳಿದರು. ಶಿವರಾಜಪ್ಪ ಹಣೆ ಒರೆಸಿಕೊಂಡು, ಇನ್ನು ಸರಿ ಎಂದು ಹೆಂಡತಿಗೆ ಸನ್ನೆ ಮಾಡಿದರು. ವಿಮಲಾಬಾಯಿ ಸ್ಟೇರಿಂಗು ಬಿಡಲಿಲ್ಲ.

"ಹಿಂದ ಕೂಡ್ರಿ" ಎಂದಳು. "ಅತ್ತಿ ಬಾಜೂಕ ಜಾಗಾ ಅದ."

ಶಿವರಾಜಪ್ಪ ಉಂಡಿಯ ಖಾಲಿ ಡಬ್ಬಿಗಳನ್ನು ಸರಿಸಿ ಕೂತರು. ಕಾರು ಸಂತಪುರ ದಾಟಿತು. ಆಮೇಲೆ ಶಾಂತಾಬಾಯಿ ಮಗನ ತೊಡೆ ತಟ್ಟಿ ಹೇಳಿದರು:

"ಗಾಡಿ ಭಾಳ ಛಲೋದು ಆರಿಸಿ ತಂದೀಯಪ್ಪ. ಬರೋವಾಗ ಹಿಂಗ ಕುಲುಕಲಾರ್ದ ಹಗುರ ಹೋಗ್ತಿದ್ದಿಲ್ಲ."