ಮುತ್ತಜ್ಜನ ಮನೆಯ ಬಾಗಿಲು

ನಮ್ಮ ವಂಶದ ಗಂಡಸರು ಹೆಂಡತಿಗೆ ಹೆದರಿದ ಇತಿಹಾಸವೇ ಇಲ್ಲ. ಹೀಗೆಂದು ನಾನು ನನ್ನ ಹೆಂಡತಿ ಲುವೆಲ್ಲಾಳಿಗೆ ಮದುವೆಯಾದಂದಿನಿಂದ ಸಾರುತ್ತ ಬಂದಿದ್ದೇನೆ (ಅವಳು ಪಕ್ಕದ ಕೋಣೆಯಲ್ಲಿರುವಾಗ). ಇದಕ್ಕೆ ಸಾಕ್ಷಿ ನನ್ನ ಮುತ್ತಜ್ಜ ತೋರ್‌ಸ್ಟೈನ್ ಬ್ರೆಕ್ಕೆ. ನಾರ್ವೆಯಿಂದ ಹಡಗಿನಲ್ಲಿ ಬಂದು, ಡಕೋಟಾದ ಬಟಾಬಯಲಿನಲ್ಲಿ ಹುಲ್ಲಿನ ಬೇರು ಸಮೇತ ಮಣ್ಣಿನ ಹೆಂಟೆಗಳನ್ನು ಕಡಿದು ಪೇರಿಸಿ, ಯಾರ ಹಂಗೂ ಇಲ್ಲದೆ ಮನೆ ಕಟ್ಟಿದ ಮಹಾಪುರುಷ.

"ಆ ಬಯಲಲ್ಲಿ ಅದಕ್ಕೂ ಮುಂಚೆ ಬೇರೆ ಜನ ಇದ್ರು ಅಪ್ಪಾ," ಎಂದು ಮಗಳು ಸಿಗ್ನೆ ಪ್ರತಿ ಸಲ ತಕರಾರು ತೆಗೆಯುತ್ತಾಳೆ. ಅದೂ ಸರಿಯೇ. ಆದರೆ ಒಳ್ಳೆಯ ಭಾಷಣದ ನಡುವೆ ಬಾಯಿ ಹಾಕಬಾರದು.

ಈ ಬೇಸಿಗೆಯಲ್ಲಿ ನಾನು ಘೋಷಿಸಿಬಿಟ್ಟೆ: "ರಜೆಗೆ ಮುತ್ತಜ್ಜನ ಜಮೀನು ನೋಡೋಕೆ ಹೋಗ್ತೀವಿ!"

"ಸರೋವರದ ಹತ್ರ ನಮ್ಮಣ್ಣನ ಮನೆ ಖಾಲಿ ಇದೆ," ಎಂದಳು ಲುವೆಲ್ಲಾ.

"ನೋಡು, ನಾನು ಹೇಳಿದ್ರಲ್ಲಿ ಒಂದಕ್ಷರ ಸುಳ್ಳಾದ್ರೂ, ಇನ್ಮೇಲೆ ಪ್ರತಿ ಬೇಸಿಗೆಗೂ ನಿಮ್ಮಣ್ಣನ ಮನೆಗೇ ಹೋಗೋಣ. ಮೀನೆಲ್ಲಾ ನಾನೇ ಉಜ್ಜಿ ತೊಳೀತೀನಿ. ನಿಜ ಆದ್ರೆ ಪ್ರತಿ ವರ್ಷ ಅಲ್ಲಿಗೇ ಬಂದು ನನ್ನ ಭಾಷಣ ಕೇಳ್ಬೇಕು. ಆಗಬಹುದಾ?"

"ಸಿಗ್ನೆ, ನೀನೇ ಸಾಕ್ಷಿ ಕಣೇ," ಎಂದಳು ಅವಳು.

ಗೆಲುವು ನನ್ನದೇ ಎಂದು ಎಷ್ಟು ಖಾತ್ರಿಯಿತ್ತೆಂದರೆ, ಒಂದು ಕಲ್ಲನ್ನೇ ಕೆತ್ತಿಸಿದ್ದೆ: 'ತೋರ್‌ಸ್ಟೈನ್ ಬ್ರೆಕ್ಕೆ ಯಾರ ಹಂಗೂ ಇಲ್ಲದೆ ಈ ಮನೆಯನ್ನು ಕಟ್ಟಿ ಆಳಿದನು.' ಕಲ್ಲಿಗೆ ಜಾಗ ಬೇಕಾಗಿ ಲುವೆಲ್ಲಾಳ ಪೆಟ್ಟಿಗೆಗಳು ಮನೆಯಲ್ಲೇ ಉಳಿದವು. ಹಿಂದಿನ ಸೀಟಿನಲ್ಲಿ, ಮುತ್ತಜ್ಜನ ಕಾಲದ ಮಾತು ಬಲ್ಲ ಏಕೈಕ ಜೀವಂತ ಸಾಕ್ಷಿಯಾದ ಬೋರ್ಗಿಲ್ಡ್ ಅತ್ತೆಯನ್ನು ಪ್ರತಿಷ್ಠಾಪಿಸಿದೆ. ಅತ್ತೆ ನನ್ನ ತಂದೆಯ ಅಕ್ಕ. ಕಾಫಿಯ ಫ್ಲಾಸ್ಕ್ ಅಪ್ಪಿಕೊಂಡು ದಾರಿಯುದ್ದಕ್ಕೂ ಗೊರಕೆ ಹೊಡೆದರು. ನಮ್ಮ ವ್ಯಾನು ಹಳೆಯದು. ಚಾಲಕನ ಕಡೆಯ ಬಾಗಿಲು ಹೊರಗಿನಿಂದ ತೆರೆಯುವುದಿಲ್ಲ. ಪೆಟ್ರೋಲು ಹಾಕಿಸಿ ಬಂದಾಗಲೆಲ್ಲ ನಾನು ಕಿಟಕಿ ತಟ್ಟಬೇಕು, ಲುವೆಲ್ಲಾ ಒಳಗಿನಿಂದ ಬಗ್ಗಿ ತೆರೆಯಬೇಕು. ಸಣ್ಣ ವಿಷಯ, ಬಿಡಿ.

ಜಮೀನು ಸಿಕ್ಕಿತು. ಈಗಿನ ಮಾಲೀಕ ಧಾರಾಳವಾಗಿ ಒಪ್ಪಿಗೆ ಕೊಟ್ಟಿದ್ದ. ಗೋಧಿ ಹೊಲದ ನಡುವೆ ಉಳುಮೆ ಕಾಣದ ಒಂದು ತುಂಡು ನೆಲ, ನೆಟ್ಟವರು ಹೋದರೂ ತಾನು ಹೋಗದ ಲೈಲಾಕ್ ಹೂವಿನ ಪೊದೆ, ಮನೆಯಿದ್ದ ಕಡೆ ಒಂದು ತಗ್ಗು. ಏದುಸಿರು ಬಿಡುತ್ತ ಕಲ್ಲನ್ನು ಹೊತ್ತು ತಂದು ನಿಲ್ಲಿಸಿ, ಟೋಪಿ ತೆಗೆದು ಗರ್ಜಿಸಿದೆ: "ಈ ಮನೆಯ ಏಕಮೇವ ಒಡೆಯ..."

"ಯಾವ ಒಡೆಯನೋ?" ಮಡಚುವ ಕುರ್ಚಿಯಿಂದ ಅತ್ತೆಯ ದನಿ ಬಂತು. "ಅರ್ಧ ಮನೆ ಕಣೋ ಅವನದ್ದು!"

"ಅತ್ತೇ, ನಿಮಗೆ ನಿದ್ದೆಗಣ್ಣು..."

"ಸುಮ್ನಿರು. ಈ ಕಡೆ ಜಮೀನು ನಮ್ಮಜ್ಜಂದು. ಆ ಕಡೇದು ಅಜ್ಜಿ ಗುನ್ಹಿಲ್ಡ್‌ದು. ಸರ್ಕಾರ ಪುಕ್ಕಟೆ ಕೊಡ್ತಿದ್ದ ಜಮೀನನ್ನ ಮದುವೆಗೆ ಮುಂಚೇನೇ ಅವಳೂ ಸ್ವಂತ ಹೆಸರಲ್ಲಿ ಹಿಡಿದಿದ್ಲು. ಜಮೀನು ದಕ್ಕಬೇಕಾದ್ರೆ ಅವರವರ ನೆಲದಲ್ಲೇ ಅವರವರು ಮಲಗಬೇಕು ಅಂತ ಸರ್ಕಾರದ ಕಟ್ಟಳೆ. ಅದಕ್ಕೇ ಗಡಿ ಮೇಲೇ ಮನೆ ಕಟ್ಟಿದ್ರು. ಗಡಿ ಮಂಚದ ನಡುವೆ ಹೋಗ್ತಿತ್ತು."

ಲುವೆಲ್ಲಾಳ ಮುಖ ಅರಳಿತು. "ಒಲೆ ಯಾರ ಕಡೆ ಇತ್ತು ಅತ್ತೇ?"

"ಅಜ್ಜಿ ಕಡೆ."

"ಹಸು?"

"ಅದೂ ಅಜ್ಜೀದೇ."

"ಬಾಗಿಲು?" ಇದು ಸಿಗ್ನೆ. ಹೆತ್ತ ಮಗಳು!

"ಇದ್ದಿದ್ದೇ ಒಂದು ಬಾಗಿಲು, ಅದೂ ಅಜ್ಜಿ ಕಡೆ. ಜಗಳ ಆಡಿದ ದಿನ ಅಗಳಿ ಹಾಕಿಬಿಡೋಳು. ಅಜ್ಜ ಹಿಮದಲ್ಲಿ ನಿಂತು ಬಾಗಿಲು ತಟ್ಟಬೇಕು. 'ಯಾರದು?' ಅಂತ ಕೇಳೋಳು. ಸುತ್ತ ಎಲ್ಲೂ ಬೇರೆ ನರಪಿಳ್ಳೆ ಇಲ್ಲ! 'ತಪ್ಪಾಯ್ತು ಗುನ್ಹಿಲ್ಡ್' ಅಂದ್ರೇನೇ ತೆಗೆಯೋದು. ಆದ್ರೂ ಆ ಚಳಿಗಾಲಗಳಲ್ಲಿ ಅವನು ಬದುಕುಳಿದಿದ್ದು ಅವಳಿಂದಲೇ ಅಂತ ಅಜ್ಜನೇ ಹೇಳ್ತಿದ್ದ."

ನಾನು ವಾದ ಹೂಡಲು ಬಾಯಿ ತೆರೆದೆ. ಆಗ ಪಡುವಣದಿಂದ ಕಪ್ಪು ಮೋಡ ನುಗ್ಗಿ ಬಂತು. ಮೊದಲ ಆಲಿಕಲ್ಲು ನನ್ನ ಬೋಳುತಲೆಗೇ ಬಿತ್ತು. ತಾಯಿ ಮಗಳಿಬ್ಬರೂ ಅತ್ತೆಯನ್ನು ಎತ್ತಿಕೊಂಡು ವ್ಯಾನಿಗೆ ಓಡಿದರು. ನಾನು ಕುರ್ಚಿ, ಫ್ಲಾಸ್ಕ್ ಬಾಚಿಕೊಂಡು ಹೋಗುವಷ್ಟರಲ್ಲಿ ಎಲ್ಲ ಬಾಗಿಲೂ ಒಳಗಿನಿಂದ ಲಾಕ್ ಆಗಿದ್ದವು. ನಾನು ಕಿಟಕಿ ತಟ್ಟಿದೆ.

ಗಾಜು ಒಂದು ಬೆರಳಷ್ಟು ಇಳಿಯಿತು.

"ಯಾರದು?" ಎಂದಳು ಲುವೆಲ್ಲಾ.

ನಾನು ಬ್ರೆಕ್ಕೆ ವಂಶದವನು. ಎದೆ ಸೆಟೆಸಿ ನಿಂತೆ. ಆಲಿಕಲ್ಲು ನಿಂಬೆಹಣ್ಣಿನ ಗಾತ್ರಕ್ಕೆ ಬಂತು.

"ತಪ್ಪಾಯ್ತು ಲುವೆಲ್ಲಾ."

"ಮೀನು?"

"ನಾನೇ ತೊಳೀತೀನಿ."

ಬಾಗಿಲು ತೆರೆಯಿತು. ಹಿಂದಿನ ಸೀಟಿನಲ್ಲಿ ಅತ್ತೆ ಸಿಗ್ನೆಗೆ ಮೆಚ್ಚುಗೆಯಿಂದ ಹೇಳುತ್ತಿದ್ದರು: "ನೋಡ್ದೇನೇ, ಥೇಟ್ ಮುತ್ತಜ್ಜನೇ!"