ಸೂರ್ಯನಿಗೆ ಅಪ್ರದಕ್ಷಿಣೆ

ಹೊಟ್ಟೆಕಿಚ್ಚು ದೂರದವರ ಮೇಲೆ ಬರುವುದಿಲ್ಲ. ದುಬಾಯಿಯಲ್ಲಿ ಎರಡು ಹೋಟೆಲು ನಡೆಸುವ ನನ್ನ ಭಾವನನ್ನು ಕಂಡರೆ ನನಗೆ ಪ್ರೀತಿಯೇ. ವರ್ಷಕ್ಕೊಮ್ಮೆ ಬಂದು ಒಂದು ಡಬ್ಬ ಖರ್ಜೂರ ಕೊಟ್ಟು ಹೋಗುವವರ ಮೇಲೆ ಯಾರು ತಾನೇ ಉರಿದುಕೊಳ್ಳುತ್ತಾರೆ? ಅದು ಬರುವುದು ಪಕ್ಕದ ಕುರ್ಚಿಯವರ ಮೇಲೆ. ನನ್ನ ಪಕ್ಕದ ಕುರ್ಚಿಗೆ ಈ ಜೂನ್‌ನಲ್ಲಿ ಬೆಳ್ತಂಗಡಿ ಕಡೆಯಿಂದ ವರ್ಗವಾಗಿ ಪ್ರಮೀಳಾ ಟೀಚರ್ ಬಂದರು. ಬಂದ ವಾರದಲ್ಲೇ ಮಕ್ಕಳು ನನಗೆ ‘ನಮಸ್ತೆ ಸರ್’ ಎಂದು ಹೇಳುತ್ತಲೇ ಅವರ ಕಡೆ ನೋಡಿ ನಗತೊಡಗಿದರು. ಅಂದಿನಿಂದ ನನಗೆ ಊಟ ಸರಿಯಾಗಿ ಮೈಗೆ ಹತ್ತುತ್ತಿಲ್ಲ.

ನಮ್ಮ ಶಾಲೆ ಇರುವ ವಾಮದಪದವು ಸುತ್ತಿನಲ್ಲಿ ಗ್ರಹಗಳೆಂದರೆ ನಾನು ಎಂದಿತ್ತು. ಜ್ಯೋತಿಷ್ಯವಲ್ಲ ಮಾರಾಯ್ರೆ, ವಿಜ್ಞಾನ. ಯಾವ ಗ್ರಹ ತನ್ನ ಸುತ್ತ ತಿರುಗಲು ಎಷ್ಟು ಹೊತ್ತು, ಸೂರ್ಯನಿಗೆ ಸುತ್ತು ಬರಲು ಎಷ್ಟು ಕಾಲ ಎಂಬುದನ್ನೆಲ್ಲ ಬಟ್ಟೆಯ ಮೇಲೆ ನಾನೇ ಬಣ್ಣದಲ್ಲಿ ಬರೆದ ಚಾರ್ಟೊಂದು ನನ್ನಲ್ಲಿ ಉಂಟು. ಮೂಡುಬಿದಿರೆಯಲ್ಲಿ ಪ್ರತಿವರ್ಷ ನಡೆಯುವ ಮಕ್ಕಳ ವಿಜ್ಞಾನ ಮೇಳಕ್ಕೆ ಒಂದು ಶಾಲೆಯಿಂದ ಒಂದೇ ಪ್ರದರ್ಶನ. ನಮ್ಮ ಶಾಲೆಯಿಂದ ಆ ಚಾರ್ಟನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟು ಬಸ್ಸು ಹತ್ತುತ್ತಿದ್ದವನು ನಾನೇ. ಗುರುಗ್ರಹ ಅಷ್ಟು ದೊಡ್ಡ ದೇಹ ಇಟ್ಟುಕೊಂಡು ಹತ್ತು ಗಂಟೆಯೊಳಗೆ ತನ್ನ ಸುತ್ತ ಒಮ್ಮೆ ತಿರುಗಿಬಿಡುತ್ತದೆ. ನನಗೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸಬೇಕಾದರೂ ಯೋಚನೆ ಬೇಕು. ಶುಕ್ರನಂತೂ ತನ್ನ ಸುತ್ತ ತಿರುಗಲು ಇನ್ನೂರ ನಲವತ್ತಮೂರು ದಿನ, ಸೂರ್ಯನ ಸುತ್ತ ಬರಲು ಇನ್ನೂರ ಇಪ್ಪತ್ತೈದೇ ದಿನ ತೆಗೆದುಕೊಳ್ಳುತ್ತದೆ. ಇದನ್ನು ಒಮ್ಮೆ ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ, “ಹಾಗಾದ್ರೆ ಅಲ್ಲಿ ದೋಸೆಗೆ ಅಕ್ಕಿ ನೆನೆಹಾಕಿದ್ರೆ ರುಬ್ಬುವಾಗ ಮುಂದಿನ ವರ್ಷ ಬರ್ತದಾ?” ಎಂದು ಕೇಳಿದ್ದಳು. ಚಾರ್ಟಿನ ಬಗ್ಗೆ ಇದುವರೆಗೆ ಬಂದ ಒಂದೇ ಪ್ರಶ್ನೆ ಅದು. ಮೂಡುಬಿದಿರೆಯಲ್ಲಿ ಯಾರೂ ಏನೂ ಕೇಳುತ್ತಿರಲಿಲ್ಲ.

ಈ ಸಲದ ಮೇಳಕ್ಕೆ ಪ್ರಮೀಳಾ ಟೀಚರಿಗೆ ಚಾರ್ಟು ಬೇಡವಂತೆ. ಮಕ್ಕಳನ್ನೇ ಗ್ರಹ ಮಾಡುತ್ತೇನೆ ಎಂದರು. ಆಟದ ಬಯಲಿನಲ್ಲಿ ಸುಣ್ಣದ ಪುಡಿಯಿಂದ ಎಂಟು ವೃತ್ತ ಬರೆಸಿದರು. ನಡುವೆ ಕುರ್ಚಿಯ ಮೇಲೆ ಮಗುಚಿಟ್ಟ ಹಳದಿ ಬಕೆಟು, ಅದು ಸೂರ್ಯ. ಶನಿಯಾಗಲು ಯಾವ ಮನೆಯವರೂ ಮಕ್ಕಳನ್ನು ಕಳಿಸಲಾರರು, ಅಲ್ಲಿಗೆ ಇವರ ಆಟ ಮುಗಿಯಿತು ಎಂದು ನಾನು ಒಳಗೊಳಗೇ ಲೆಕ್ಕ ಹಾಕಿದ್ದೆ. ಏಳನೆಯ ತರಗತಿಯ ಅಶ್ರಫ್, “ಬಳೆ ಇರುವ ಗ್ರಹ ಅಲ್ವಾ ಟೀಚರ್, ನನಗೇ ಕೊಡಿ” ಎಂದು ಪಾಣೆಮಂಗಳೂರಿನ ಅಜ್ಜನ ಅಂಗಡಿಯಿಂದ ಸೈಕಲ್ ಟಯರು ತಂದು ಸೊಂಟಕ್ಕೆ ಸಿಕ್ಕಿಸಿಕೊಂಡುಬಿಟ್ಟ. ಅವರು ಅಭ್ಯಾಸ ಮಾಡುವಾಗಲೆಲ್ಲ ನಾನು ಬಯಲಿಗೆ ಬೆನ್ನು ಹಾಕಿ ಕುಳಿತು ಉತ್ತರಪತ್ರಿಕೆ ತಿದ್ದಿದೆ. ಆ ಸಲ ಅಂಕ ಕಡಿಮೆ ಬಂದ ಮಕ್ಕಳು ನನ್ನನ್ನು ಕ್ಷಮಿಸಬೇಕು.

ಮೂಡುಬಿದಿರೆಗೆ ಯಾವುದು ಹೋಗಬೇಕೆಂದು ಪೋಷಕರ ಸಭೆಯ ದಿನ ತೀರ್ಮಾನ. ನನ್ನ ಚಾರ್ಟನ್ನು ಗೋಡೆಗೆ ತೂಗುಹಾಕಿದೆವು. ಪೋಷಕರು ಅದರ ನೆರಳಲ್ಲಿ ಕುಳಿತು ಬಯಲನ್ನು ನೋಡಿದರು. ಟೀಚರ್ ಚಪ್ಪಾಳೆ ತಟ್ಟಿದ್ದೇ ಬುಧನಾದ ಹುಡುಗ ನಾಯಿ ಅಟ್ಟಿಸಿಕೊಂಡು ಬಂದವನಂತೆ ಓಡಿದ. ಶುಕ್ರಳಾದ ಸ್ವಾತಿ ನಡೆಯುತ್ತಲೇ ಉಳಿದವರಿಗೆ ಉಲ್ಟಾ ದಿಕ್ಕಿನಲ್ಲಿ ಮೆಲ್ಲಗೆ ತನ್ನ ಸುತ್ತ ತಿರುಗಿದಳು, ಶುಕ್ರನ ರೀತಿಯೇ ಹಾಗೆ. ಮಗ್ಗುಲಾಗಿ ಮಲಗಿಯೇ ತಿರುಗುವ ಯುರೇನಸ್ ಮಣ್ಣಿನಲ್ಲಿ ಉರುಳುಸೇವೆ ಮಾಡಿತು. ನೆಪ್ಚೂನಿನ ಒಂದು ಸುತ್ತಿಗೆ ನೂರ ಅರವತ್ತೈದು ವರ್ಷ ಬೇಕಲ್ಲ, ಆ ಹುಡುಗ ಒಂದು ಹೆಜ್ಜೆ ಇಟ್ಟು ಇನ್ನೊಂದಕ್ಕೆ ಅಪ್ಪಣೆ ಕಾಯುತ್ತಾ ನಿಂತ. ಜನ ಬಿದ್ದು ಬಿದ್ದು ನಕ್ಕರು. ನಾನು ಹಲ್ಲು ಕಚ್ಚಿ ನೋಡುತ್ತಿದ್ದೆ. ಆಗ ಕಂಡಿತು ನೋಡಿ. ಎಂಟೂ ಗ್ರಹಗಳು ಸೂರ್ಯನನ್ನು ಬಲಕ್ಕೆ ಇಟ್ಟುಕೊಂಡು ಸುತ್ತುತ್ತಿವೆ. ಪುಸ್ತಕದ ಚಿತ್ರದಲ್ಲಿ, ಅಂದರೆ ಉತ್ತರ ಧ್ರುವದ ಮೇಲಿನಿಂದ ನೋಡಿದಾಗ, ಸುತ್ತು ಎಡಕ್ಕೆ. ಟೀಚರ್ ಸುತ್ತಿ ಅಂದಿದ್ದಾರೆ, ಮಕ್ಕಳು ದೇವಸ್ಥಾನದಲ್ಲಿ ಬರುವ ಹಾಗೆ ಪ್ರದಕ್ಷಿಣೆ ಬಂದಿದ್ದಾರೆ.

ಅವರನ್ನು ಬದಿಗೆ ಕರೆದು ಹೇಳಬಹುದಿತ್ತು. ನಾನು ನೇರ ಹೋಗಿ ಮೈಕು ಹಿಡಿದೆ. ಇಡೀ ಸೌರವ್ಯೂಹವೇ ಹಿಮ್ಮುಖವಾಗಿ ತಿರುಗುತ್ತಿದೆ ಎಂದು, ದನಿಯಲ್ಲಿ ಸಾಧ್ಯವಾದಷ್ಟು ದುಃಖ ತುಂಬಿಕೊಂಡು, ಊರಿಗೆಲ್ಲ ಕೇಳುವಂತೆ ಹೇಳಿದೆ. ಟೀಚರ ಮುಖ ಕೆಂಪಾಯಿತು. ನನಗೆ ಹೊಟ್ಟೆ ತಂಪಾಯಿತು. ಆದರೆ ಅವರು ಒಂದೇ ಮಾತಿಗೆ, “ಹೌದು ಸರ್, ತಪ್ಪಾಯ್ತು” ಎಂದು ಎರಡು ಚಪ್ಪಾಳೆಯಲ್ಲಿ ಎಂಟೂ ಗ್ರಹಗಳನ್ನು ಹಿಂದಕ್ಕೆ ತಿರುಗಿಸಿಬಿಟ್ಟರು.

ಮಕ್ಕಳು ಎಡಕ್ಕೆ ಸುತ್ತತೊಡಗಿದ್ದೇ ಪೋಷಕರಲ್ಲಿ ಗುಸುಗುಸು. ಸ್ವಾತಿಯ ಅಜ್ಜಿ ಎದ್ದು ನಿಂತು ನನ್ನನ್ನೇ ಕೇಳಿದರು, “ಮಾಸ್ಟ್ರೇ, ಹೀಗೆ ಅಪ್ರದಕ್ಷಿಣೆ ಬರುವುದು ಉಂಟಾ? ಮಕ್ಕಳಿಗೆ ದೋಷ ಬರ್ತದೆ. ಇದು ಬೇಡ, ನಿಲ್ಲಿಸುವ.”

ಸುಮ್ಮನಿದ್ದರೆ ಸಾಕಿತ್ತು. ಆಟ ನಿಲ್ಲುತ್ತಿತ್ತು, ಚಾರ್ಟು ಸುರುಳಿಯಾಗಿ ಕಂಕುಳಿಗೆ ಬರುತ್ತಿತ್ತು. ಆದರೆ ಎಡಕ್ಕೆ ತಿರುಗಿಸಿದವನೇ ನಾನು, ಮೈಕೂ ಇನ್ನೂ ನನ್ನ ಕೈಯಲ್ಲೇ ಇತ್ತು. ಗ್ರಹಗಳ ವಿಷಯದಲ್ಲಿ ನನ್ನನ್ನು ತಪ್ಪು ಅನ್ನುವುದಾ? “ಅಮ್ಮಾ, ಭೂಮಿ ಯಾವಾಗಲೂ ಹೀಗೇ ಸುತ್ತುವುದು. ನಿಮ್ಮ ಪ್ರಾಯ ಎಷ್ಟೋ, ಅಷ್ಟು ಸುತ್ತು ನೀವೂ ಇದರ ಮೇಲೆ ಕೂತು ಎಡಕ್ಕೇ ಬಂದಿದ್ದೀರಿ. ದೋಷ ಎಂತಾದ್ರೂ ಬಂತಾ?” ಎಂದೆ.

ಅಜ್ಜಿ ಸ್ವಲ್ಪ ಯೋಚಿಸಿ, “ಗಂಟುನೋವೊಂದು ಉಂಟು” ಎಂದು ಕುಳಿತರು.

ನಗೆ ಎದ್ದಿತು. ನನಗೆ ಹುರುಪು ಬಂತು. ದೇವರ ಸುತ್ತು ದೇವರಿಗೆ, ಸೂರ್ಯನ ಸುತ್ತು ಸೂರ್ಯನಿಗೆ ಎಂದೆ. ಬುಧ ಎಂಬತ್ತೆಂಟು ದಿನದಲ್ಲಿ ಮುಗಿಸುವ ಸುತ್ತಿಗೆ ಶನಿ ಇಪ್ಪತ್ತೊಂಬತ್ತೂವರೆ ವರ್ಷ ಯಾಕೆ ತೆಗೆದುಕೊಳ್ಳುತ್ತದೆ ಎಂದು ಅಶ್ರಫನನ್ನೇ ತೋರಿಸಿ ವಿವರಿಸಿದೆ. ನನ್ನ ಜೀವಮಾನದಲ್ಲಿ ಮೊದಲ ಬಾರಿಗೆ ಜನ ನನ್ನ ಗ್ರಹಗಳ ಕಥೆಯನ್ನು ಬಾಯಿ ಬಿಟ್ಟು ಕೇಳಿದರು. ಮುಗಿದಾಗ ಹೆಡ್ಮಾಸ್ಟ್ರು ನನ್ನ ಬೆನ್ನು ತಟ್ಟಿ, “ನಿಮಗೇ ಇದು ಇಷ್ಟು ಮೆಚ್ಚಿಗೆ ಆದ ಮೇಲೆ ಇನ್ನು ಯೋಚನೆ ಎಂತದ್ದು ಮಾರಾಯ್ರೆ? ಮೂಡುಬಿದಿರೆಗೆ ಇದೇ ಹೋಗಲಿ” ಎಂದರು. ನನ್ನ ಚಾರ್ಟನ್ನು ನಾನೇ ಮೈಕು ಹಿಡಿದು ಸೋಲಿಸಿದ್ದೆ.

ಪ್ರಮೀಳಾ ಟೀಚರ್ ಕೈಮುಗಿದು, ನೀವಿಲ್ಲದಿದ್ದರೆ ಅಲ್ಲಿ ಮರ್ಯಾದೆ ಹೋಗುತ್ತಿತ್ತು, ನೀವೂ ಬರಲೇಬೇಕು ಎಂದರು. ಬಕೆಟು ಗಾಳಿಗೆ ಬೀಳುತ್ತದೆ, ಸೂರ್ಯ ನೀವೇ ಆಗಿ ಎಂದೂ ಸೇರಿಸಿದರು. ಬಕೆಟಿನ ಜಾಗವೆಂದು ಬೇಸರವಾದರೂ ಎಲ್ಲ ನನ್ನ ಸುತ್ತ ಎಂಬುದು ಮನಸ್ಸಿಗೆ ಹಿಡಿಸಿತು, ಒಪ್ಪಿದೆ.

ಹೀಗೆ ಮೂಡುಬಿದಿರೆಯ ಬಯಲಿನಲ್ಲಿ ಹಳದಿ ಶಾಲು ಹೊದ್ದು ನಡುವೆ ನಿಂತೆ. ಶುರುವಾಗುವ ಮೊದಲು ಟೀಚರ್ ಹತ್ತಿರ ಬಂದು, “ಸೂರ್ಯನೂ ಸುಮಾರು ತಿಂಗಳಿಗೊಮ್ಮೆ ತನ್ನ ಸುತ್ತ ತಿರುಗ್ತಾನೆ ಅಲ್ವಾ ಸರ್, ನೀವೂ ಮೆಲ್ಲಗೆ ತಿರುಗಿ” ಎಂದರು. ನನ್ನ ಚಾರ್ಟಿನಲ್ಲಿ ಅದು ಇರಲಿಲ್ಲ. ಗೊತ್ತಿದ್ದವನಂತೆ ತಲೆಯಾಡಿಸಿದೆ. ಚಪ್ಪಾಳೆ ಬಿತ್ತು. ಗ್ರಹಗಳು ಚಂದಕ್ಕೆ ಎಡಕ್ಕೆ ಹೊರಟವು. ನಾನು ಮಂಗಳಾರತಿ ಆದ ಮೇಲೆ ನಿಂತಲ್ಲೇ ಸುತ್ತು ಬರುವ ಅಭ್ಯಾಸದಲ್ಲಿ, ಕೈಮುಗಿದುಕೊಂಡು, ಬಲಕ್ಕೆ ತಿರುಗತೊಡಗಿದೆ. ಎದುರು ಬಂದ ಸ್ವಾತಿ ನಡೆಯುತ್ತಲೇ ಪಿಸುಗುಟ್ಟಿದಳು, “ಸರ್, ಉಲ್ಟಾ ತಿರುಗುವುದು ನನ್ನ ಪಾರ್ಟು.”

ಬೆಚ್ಚಿ ಟೀಚರ ಕಡೆ ನೋಡಿದೆ. ಮೈಕು ಅವರ ಕೈಯಲ್ಲೇ ಇತ್ತು. ಅವರು ಅದನ್ನು ಸೆರಗಿನ ಹಿಂದೆ ಸರಿಸಿ, ಯಾರಿಗೂ ಕಾಣದ ಹಾಗೆ ಬೆರಳಿನಲ್ಲಿ ಎಡಕ್ಕೆ ಸನ್ನೆ ಮಾಡಿದರು. ನಾನು ಎಡಕ್ಕೆ ತಿರುಗಿದೆ. ಅಷ್ಟು ಒಳ್ಳೆಯತನ ಅಂದು ಸಭೆಯಲ್ಲಿ ನನಗೆ ಹೊಳೆಯಲಿಲ್ಲವಲ್ಲ, ಇವರಿಗೆ ಹೊಳೆಯಿತಲ್ಲ ಎಂದು ಅದಕ್ಕೂ ಹೊಟ್ಟೆ ಉರಿಯಿತು.